ಮನೆಯ ಸಾಲಕ್ಕೊಂದು ಕಾವಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಸಾಲದ ಪತ್ರಕ್ಕೆ ರುಜು ಹಾಕಿ ನೋಡು ಎಂಬ ಮಾತನ್ನೂ ಅವರು ಸೇರಿಸಬಹುದಾಗಿತ್ತು.

ದೊಡ್ಡಬಳ್ಳಾಪುರದ ಓಣಿಯೊಂದರಲ್ಲಿ ನಾಲ್ಕು ವಿದ್ಯುತ್ ಮಗ್ಗಗಳನ್ನು ನಂಬಿದ ಸಂಸಾರ. ಯಜಮಾನರು ಮಗ್ಗದ ಮುಂದೆ, ಮಡದಿ ಕಂಡಿಕೆಯ ಮುಂದೆ, ಮಕ್ಕಳಿಬ್ಬರು ಶಾಲೆಯಲ್ಲಿ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲ ನೆಲದ ಬೆಲೆ ಏರುತ್ತಲೇ ಹೋಯಿತು. ಇನ್ನು ತಡಮಾಡಿದರೆ ಸ್ವಂತ ಸೂರು ಕನಸಾಗಿಯೇ ಉಳಿದೀತೆಂದು ಇಪ್ಪತ್ತು ಲಕ್ಷ ರೂಪಾಯಿ ಸಾಲಕ್ಕೆ ಅರ್ಜಿ ಹಾಕಿದ್ದಾಯಿತು. ರುಜು ಹಾಕುವ ಹಿಂದಿನ ರಾತ್ರಿ, ಮಗ್ಗದ ಸದ್ದು ಅಡಗಿದ ಮೇಲೆ ಆಕೆ ಕೇಳಿದಳು:

“ರೀ, ಪತ್ರಕ್ಕೆ ನಾನೂ ರುಜು ಹಾಕಬೇಕಂತೆ. ನಿಮಗೇನಾದರೂ ಹೆಚ್ಚುಕಡಿಮೆಯಾದರೆ ಕಂತು ಕಟ್ಟೋರು ಯಾರು?”

“ಬಿಡ್ತು ಅನ್ನು!” ಎಂದು ಯಜಮಾನರು ಗದರಿದರು. ಗದರಿದ ಮಾತ್ರಕ್ಕೆ ಪ್ರಶ್ನೆ ಓಡಿಹೋದೀತೆ? ಅವರಿಗೂ ನಿದ್ದೆ ಬರಲಿಲ್ಲ. ಎದ್ದು ಲೆಕ್ಕದ ಪುಸ್ತಕ ತೆರೆದರು.

ಶೇಕಡ 9ರ ಬಡ್ಡಿ, 20 ವರ್ಷದ ವಾಯಿದೆ. ತಿಂಗಳಿಗೆ ಸುಮಾರು 18,000 ರೂಪಾಯಿ ಕಂತು. ಐದು ವರ್ಷ ತಪ್ಪದೆ ಕಟ್ಟಿದರೆ ಕೈಬಿಟ್ಟು ಹೋಗುವುದು 10 ಲಕ್ಷ 80 ಸಾವಿರ. ಅಸಲಿನಲ್ಲಿ ಕರಗುವುದು ಬರಿಯ ಎರಡೂಕಾಲು ಲಕ್ಷ! ಮಿಕ್ಕದ್ದೆಲ್ಲ ಬಡ್ಡಿಯ ಹೊಟ್ಟೆಗೆ. ಅಷ್ಟರಲ್ಲಿ ದುಡಿಯುವ ಕೈ ನಿಂತರೆ ಹದಿನೇಳೂಮುಕ್ಕಾಲು ಲಕ್ಷದ ಹೊರೆ ರುಜು ಹಾಕಿದ ಹೆಂಡತಿಯ ತಲೆಯ ಮೇಲೆ. 90 ದಿನ ಕಂತು ನಿಂತರೆ ಸಾಲ ಕೆಟ್ಟ ಸಾಲವೆನಿಸುತ್ತದೆ. ಬಳಿಕ 2002ರ ಕಾನೂನಿನಂತೆ 60 ದಿನಗಳ ನೋಟೀಸು ಕೊಟ್ಟು ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಲು ಹೊರಡಬಹುದು.

ಮೈಸೂರು ಸಂಸ್ಥಾನ 1891ರಷ್ಟು ಹಿಂದೆಯೇ ತನ್ನ ನೌಕರರಿಗೆ ಜೀವವಿಮೆಯನ್ನು ಏರ್ಪಡಿಸಿತ್ತು. ನೇಕಾರನಿಗೆ ಅಂಥ ಇಲಾಖೆಯಿಲ್ಲ. ತನ್ನ ಕಾವಲನ್ನು ತಾನೇ ಕಟ್ಟಿಕೊಳ್ಳಬೇಕು.

ರುಜುವನ್ನು ಒಂದು ವಾರ ಮುಂದೂಡಿದರು. ವಿಚಾರಿಸಿದಾಗ ದಾರಿಗಳು ತಿಳಿದವು. ಸಾಲ ಇಳಿದಂತೆ ತಾನೂ ಇಳಿಯುವ ವಿಮೆ ಒಂದು. ಅದು ಬ್ಯಾಂಕಿನ ಋಣವನ್ನು ತೀರಿಸಿ ಮನೆಯನ್ನು ಉಳಿಸುತ್ತದೆ. ಆದರೆ ಅದರ ಕಂತನ್ನು ಸಾಲಕ್ಕೇ ಸೇರಿಸುವ ರೂಢಿಯೂ ಉಂಟು. ಆಗ ಅದಕ್ಕೂ ಇಪ್ಪತ್ತು ವರ್ಷ ಬಡ್ಡಿ ತೆರಬೇಕು. ಇನ್ನೊಂದು, ಮೊತ್ತ ಕುಗ್ಗದ ಅವಧಿ ವಿಮೆ. ಇದನ್ನು 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ ಅಡಿಯಲ್ಲಿ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದರೆ ಆ ಹಣ ಅವರದೇ ಸೊತ್ತು; ಸಾಲಿಗರನ್ನು ವಂಚಿಸುವ ಉದ್ದೇಶವಿಲ್ಲದಿದ್ದರೆ ಗಂಡನ ಸಾಲಿಗರು ಅದಕ್ಕೆ ಕೈಹಾಕುವಂತಿಲ್ಲ. ಮೊದಲನೆಯದು ಸೂರಿಗೆ, ಎರಡನೆಯದು ಅನ್ನಕ್ಕೆ. ಕಂಡಿಕೆ ಸುತ್ತುವ ಕೈಯೂ ದುಡಿಯುವ ಕೈಯೇ ಆದ್ದರಿಂದ ಆಕೆಯ ಹೆಸರಿಗೂ ಒಂದು ವಿಮೆ ಬೇಕು. ಸಾವೊಂದೇ ಅಪಾಯವಲ್ಲ, ರೇಷ್ಮೆಯ ದರ ಏರಿ ಮಗ್ಗ ನಿಲ್ಲುವ ತಿಂಗಳುಗಳಿಗೆಂದು ಆರು ಕಂತಿನಷ್ಟು ಹಣವೂ ಬೇರೆಯಾಗಿರಬೇಕು.

ಅರ್ಜಿಯಲ್ಲಿ ಕಾಯಿಲೆಗಳ ಕಾಲಮ್ಮು ಬಂದಾಗ ಯಜಮಾನರ ಲೇಖನಿ ತಡೆಯಿತು. ಎರಡು ವರ್ಷದಿಂದ ಸಕ್ಕರೆ ಕಾಯಿಲೆ. “ಬರೆದರೆ ಕಂತು ಜಾಸ್ತಿಯಾಗುತ್ತೆ ಕಣೇ.”

“ಬರೆಯದಿದ್ದರೆ ನಾಳೆ ಉತ್ತರ ಹೇಳಬೇಕಾದವಳು ನಾನು.”

ಆಕೆಯ ಮಾತು ಸುಳ್ಳಲ್ಲ. ಮೊದಲ ಮೂರು ವರ್ಷಗಳೊಳಗೆ ಮುಚ್ಚಿಟ್ಟ ಸಂಗತಿ ಬಯಲಾದರೆ ವಿಮಾ ಸಂಸ್ಥೆ ಹಣವನ್ನು ನಿರಾಕರಿಸಬಹುದು. ಎಳೆ ಹರಿದಾಗ ಮಗ್ಗ ನಿಲ್ಲಿಸಿ ಗಂಟು ಹಾಕದೆ ನೇಯ್ದರೆ ಸೀರೆಯ ಉದ್ದಕ್ಕೂ ದೋಷ ಉಳಿಯುವುದೆಂದು ನೇಕಾರನಿಗೆ ಬೇರೆ ಯಾರು ಹೇಳಬೇಕು? ಯಜಮಾನರು ಕಾಯಿಲೆಯ ಹೆಸರನ್ನು ಸ್ಪಷ್ಟವಾಗಿ ಬರೆದರು.

ವಾರ ಕಳೆದು ಇಬ್ಬರೂ ಸಾಲದ ಪತ್ರಕ್ಕೆ ರುಜು ಹಾಕಿದರು. ಈ ಬಾರಿ ಆಕೆಯ ಕೈ ನಡುಗಲಿಲ್ಲ.