ಹೊಲಿಗೆ ಎಷ್ಟು ಹಾಕಿದ್ದಾರೆ?

ಹೃದಯದ ಚಿಕಿತ್ಸೆ ಮುಗಿಸಿ ಮನೆಗೆ ಬಂದವರನ್ನು ನೋಡಲು ಬರುವವರು ಮೊದಲು ಕೇಳುವುದು ಹೊಲಿಗೆಯ ಲೆಕ್ಕ. ಬೈಪಾಸ್ ಆದವರು ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲಿನ ಉದ್ದ ಗೆರೆ ತೋರಿಸುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು "ಎರಡು ಬ್ಲಾಕ್ ಇತ್ತು" ಎನ್ನುತ್ತಾರೆ. ಎರಡೂ ಎಲ್ಲರಿಗೆ ಅರ್ಥವಾಗುತ್ತದೆ. ನನಗೆ ಬ್ಲಾಕ್ ಇರಲಿಲ್ಲ, ಎದೆಯಲ್ಲಿ ಗೆರೆಯೂ ಇಲ್ಲ. ಇದ್ದದ್ದು ತೊಡೆಸಂದಿನಲ್ಲಿ ಕಡಲೆಕಾಳಿನಷ್ಟು ಒಂದು ತೂತು. ಅದನ್ನು ತೋರಿಸುವಂತೆಯೂ ಇಲ್ಲ.

"ಮತ್ತೆ ಎಂತ ಮಾಡಿದ್ದು ಅವರು, ಅಷ್ಟು ದುಡ್ಡು ತಕ್ಕೊಂಡು?" ಎಂದು ಆಚೆಮನೆಯ ಅಕ್ಕ ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ.

ಕಾಯಿಲೆಯ ಹೆಸರು ಏಟ್ರಿಯಲ್ ಫಿಬ್ರಿಲೇಷನ್. ಆಸ್ಪತ್ರೆಯವರು ಚಿಕ್ಕದಾಗಿ ಎಎಫ್ ಎನ್ನುತ್ತಾರೆ. ಹೃದಯಕ್ಕೆ ಮೇಲೆ ಎರಡು, ಕೆಳಗೆ ಎರಡು ಕೋಣೆ. ಬಲಬದಿಯ ಮೇಲಿನ ಕೋಣೆಯಲ್ಲಿ ಒಂದು ಚಿಕ್ಕ ಜಾಗವಿದೆ. ಬಡಿತಕ್ಕೆ ಬೇಕಾದ ಕರೆಂಟ್ ಹುಟ್ಟುವುದು ಅಲ್ಲಿ. ಸುಮ್ಮನೆ ಕೂತಿದ್ದಾಗ ನಿಮಿಷಕ್ಕೆ 60ರಿಂದ 100 ಬಡಿತ, ಒಂದೇ ಸಮನೆ. ಎಎಫ್ ಬಂದಾಗ ಮೇಲಿನ ಕೋಣೆಗಳಲ್ಲಿ ಕರೆಂಟ್ ಎಲ್ಲೆಲ್ಲಿಂದಲೋ ಹುಟ್ಟಿ ಎಲ್ಲೆಲ್ಲಿಗೋ ಓಡುತ್ತದೆ, ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ. ಆಗ ಆ ಕೋಣೆಗಳು ರಕ್ತವನ್ನು ಹಿಂಡುವುದಿಲ್ಲ, ಬರೀ ನಡುಗುತ್ತವೆ. ನಡುವೆ ಒಂದು ತಡೆ ಇರುವುದರಿಂದ ಕೆಳಗಿನ ಕೋಣೆಗಳಿಗೆ ಅಷ್ಟೂ ತಲುಪುವುದಿಲ್ಲ. ತಲುಪಿದಷ್ಟಕ್ಕೆ ಅವು ಅಡ್ಡಾದಿಡ್ಡಿ ಬಡಿಯುತ್ತವೆ. ಯಕ್ಷಗಾನದ ಚೆಂಡೆ ಎಷ್ಟೇ ಜೋರಾದರೂ ಒಳಗೆ ತಾಳ ಇರುತ್ತದೆ, ಓಡಿದರೂ ತಿರುಗಿ ಅಲ್ಲಿಗೇ ಬರುತ್ತದೆ. ಇದು ಹಾಗಲ್ಲ. ಸಣ್ಣ ಮಗುವಿನ ಕೈಗೆ ಡಬ್ಬ ಮತ್ತು ಕೋಲು ಕೊಟ್ಟ ಹಾಗೆ.

ನನಗೆ ಶುರುವಾದದ್ದು 46ನೇ ವಯಸ್ಸಿನಲ್ಲಿ, ಸಂಜೆ ಹಾಲು ಕರೆಯುವಾಗ. ಎದೆಯೊಳಗೆ ಮೀನು ಹೊರಳಿದ ಹಾಗಾಯಿತು. ನೋವಿಲ್ಲ. ಉಸಿರು ಸಾಲದು, ಕೈ ತಣ್ಣಗೆ. ಮುಕ್ಕಾಲು ಗಂಟೆ ಬಿಟ್ಟು ತಾನಾಗಿಯೇ ನಿಂತಿತು. ಅತ್ತೆ ಜೀರಿಗೆ ಕಷಾಯ ಮಾಡಿ ಕೊಟ್ಟು "ಗ್ಯಾಸು" ಎಂದರು. ಮುಂದಿನ ಒಂದೂವರೆ ವರ್ಷ ಅದು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ ಬಂತು. ಮನೆಯಿಂದ ಪೇಟೆಯ ಆಸ್ಪತ್ರೆಗೆ ಒಂದು ಗಂಟೆಯ ದಾರಿ. ನಾವು ಮುಟ್ಟುವಷ್ಟರಲ್ಲಿ ಎದೆ ಸರಿಯಾಗಿರುತ್ತಿತ್ತು, ಇಸಿಜಿ ನಾರ್ಮಲ್. ಮೂರು ಸಲ ಹೀಗೇ ಆಯಿತು. ಮೂರನೇ ಸಲ ವೈದ್ಯರೊಬ್ಬರು "ಮನೆಯಲ್ಲಿ ಏನಾದರೂ ಟೆನ್ಷನ್ ಉಂಟಾ?" ಎಂದು ಕೇಳಿ ನಿದ್ದೆ ಮಾತ್ರೆ ಬರೆದರು. ಹೆಂಗಸರ ಎದೆಬಡಿತಕ್ಕೆ ನಮ್ಮಲ್ಲಿ ಇರುವುದು ಎರಡೇ ಕಾರಣ: ಗ್ಯಾಸು, ಇಲ್ಲದಿದ್ದರೆ ಟೆನ್ಷನ್.

ಕೊನೆಗೆ ಅದು ಸಿಕ್ಕಿಬಿದ್ದದ್ದು ನಮ್ಮೂರಿನಿಂದ ಎರಡು ಕಿಲೋಮೀಟರ್ ದೂರದ ಸಣ್ಣ ಕ್ಲಿನಿಕ್ಕಿನಲ್ಲಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿ ಕಡೆಯ ವೈದ್ಯರಿಗೆ ಇಸಿಜಿ ಯಂತ್ರ ಸಿಗುವಂತೆ ಮಾಡಿ, ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ತಜ್ಞರಿಗೆ ತೋರಿಸುವ ಕೆಲಸ ಶುರು ಮಾಡಿದ್ದು ಕರಾವಳಿಯವರಿಗೆ ಗೊತ್ತಿದೆ. ಆಮೇಲೆ ಸಣ್ಣ ಕ್ಲಿನಿಕ್ಕುಗಳಲ್ಲೂ ಯಂತ್ರ ಕಾಣತೊಡಗಿದವು. ಎದೆ ಹೊರಳುತ್ತಿರುವಾಗಲೇ ಆಟೋದಲ್ಲಿ ಹೋಗಿ ಮಲಗಿದೆ. ಹತ್ತು ನಿಮಿಷದಲ್ಲಿ ಕಾಗದ ಕೈಗೆ ಬಂತು. ಗೆರೆಗಳ ನಡುವಿನ ಅಂತರ ಒಂದರ ಹಾಗೆ ಇನ್ನೊಂದಿಲ್ಲ. ಬಡಿತ 152. ಆ ಕಾಗದವನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ. ನಗಬೇಡಿ. ಒಂದೂವರೆ ವರ್ಷ ನನ್ನ ಮಾತನ್ನು ನಂಬದವರು ಅದನ್ನು ನಂಬಿದರು.

ಎಎಫ್‌ನ ನಿಜವಾದ ಅಪಾಯ ಎದೆಯಲ್ಲಿಲ್ಲ, ತಲೆಯಲ್ಲಿ. ನಡುಗುವ ಕೋಣೆಯಲ್ಲಿ ರಕ್ತ ಸರಿಯಾಗಿ ಹರಿಯುವುದಿಲ್ಲ. ಎಡಬದಿಯ ಮೇಲಿನ ಕೋಣೆಗೆ ಅಂಟಿಕೊಂಡು ಚೀಲದಂಥ ಒಂದು ಮೂಲೆ ಇದೆ, ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹೊರಟು ಮೆದುಳಿಗೆ ಹೋದರೆ ಪಾರ್ಶ್ವವಾಯು. ಎಎಫ್ ಇದ್ದವರಿಗೆ ಇದರ ಸಂಭವ ಉಳಿದವರಿಗಿಂತ ಸುಮಾರು ಐದು ಪಟ್ಟು. ನಮ್ಮ ದೊಡ್ಡಪ್ಪನಿಗೆ ಎಎಫ್ ಇದೆ ಎಂದು ಗೊತ್ತಾದದ್ದು ಪಾರ್ಶ್ವವಾಯು ಬಡಿದು ಆಸ್ಪತ್ರೆಗೆ ಸೇರಿಸಿದ ದಿನ. ಆಮೇಲೆ ಎಂಟು ವರ್ಷ ಹಾಸಿಗೆಯಲ್ಲಿದ್ದರು. ಹಾಗಾಗಿ ವೈದ್ಯರು ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬರೆದಾಗ ನಾನು ಮರುಪ್ರಶ್ನೆ ಕೇಳಲಿಲ್ಲ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ, ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ಗಂಟೆ ಮಾತ್ರ. ಇದನ್ನು ಮನೆಯ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೇನೆ.

ಈ ಮಾತ್ರೆಗಳ ಕತೆ ದನ ಸಾಕುವವರಿಗೆ ಇಷ್ಟವಾಗುವಂಥದು. 1920ರ ದಶಕದಲ್ಲಿ ಅಮೆರಿಕ, ಕೆನಡಾ ಕಡೆ ದನಗಳು ಕೊಂಬು ಕೊಯ್ದ ಗಾಯದಿಂದಲೇ ರಕ್ತ ನಿಲ್ಲದೆ ಸಾಯುತ್ತಿದ್ದವು. ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ಕಾರಣ ಎಂದು ಪಶುವೈದ್ಯರು ಕಂಡುಹಿಡಿದರು. 1933ರಲ್ಲಿ ಒಬ್ಬ ರೈತ ಸತ್ತ ಹಸುವನ್ನೂ ಹೆಪ್ಪುಗಟ್ಟದ ರಕ್ತವನ್ನೂ ಹೊತ್ತುಕೊಂಡು ಹಿಮದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ಕಾರ್ಲ್ ಲಿಂಕ್ ಮತ್ತು ಜೊತೆಗಾರರು ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿದರು. ಅದರಿಂದ ಬಂದದ್ದು ವಾರ್ಫರಿನ್. 1948ರಲ್ಲಿ ಇಲಿ ಪಾಷಾಣವಾಗಿ ಪೇಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ನಾವು ಇಲಿಗೆ ಇಡುವ ಬ್ರೊಮಾಡಿಯೊಲೋನ್ ಬಿಲ್ಲೆಯೂ ಅದೇ ಕುಟುಂಬದ್ದು. ಇದನ್ನು ಹೇಳಿದ ಮೇಲೆ ಅತ್ತೆ ನನ್ನ ಮಾತ್ರೆ ಡಬ್ಬವನ್ನು ಬೇರೆ ಕಪಾಟಿನಲ್ಲಿ ಇಡುತ್ತಾರೆ. ನಾನು ತಿನ್ನುವುದು ಅಪಿಕ್ಸಾಬಾನ್, ಬೇರೆ ಜಾತಿ ಎಂದರೂ ಕೇಳುವುದಿಲ್ಲ.

ಬಾಲ್ಯದಲ್ಲಿ ಕೀಲುವಾತದ ಜ್ವರ ಬಂದು ಹೃದಯದ ಕವಾಟ ಕಿರಿದಾದವರಿಗೆ ಈ ಹೊಸ ಮಾತ್ರೆಗಳು ಸಲ್ಲುವುದಿಲ್ಲ, ಅವರಿಗೆ ವಾರ್ಫರಿನ್ ಅಥವಾ ಅದರ ಹತ್ತಿರದ ಮಾತ್ರೆಯೇ. ಅಂಥವರು ಆಗಾಗ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಬಸಳೆ, ಹರಿವೆ, ನುಗ್ಗೆಸೊಪ್ಪು ಬಿಡಬೇಕೆಂದಿಲ್ಲ, ಆದರೆ ಒಂದು ವಾರ ಬುಟ್ಟಿ ತುಂಬ, ಮುಂದಿನ ವಾರ ಏನೂ ಇಲ್ಲ ಎಂದಾಗಬಾರದು. ಮಾತ್ರೆ ಯಾವುದೇ ಇರಲಿ, ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಗುಳಿಗೆ ವೈದ್ಯರಿಗೆ ಹೇಳದೆ ನುಂಗಬಾರದು, ಒಳಗೆ ರಕ್ತಸ್ರಾವವಾಗುತ್ತದೆ. ಮಳೆಗಾಲದಲ್ಲಿ ನನ್ನ ಕಷ್ಟ ಜಿಗಣೆಯದು. ತೋಟಕ್ಕೆ ಹೋಗಿ ಬಂದರೆ ಕಚ್ಚಿದ ಜಾಗದಿಂದ ಅರ್ಧ ದಿನ ರಕ್ತ ಜಿನುಗುತ್ತದೆ. ಸುಣ್ಣಕ್ಕೆ ಬಗ್ಗುವುದಿಲ್ಲ. ಬಟ್ಟೆ ಒತ್ತಿ ಹಿಡಿದು ಕೂರಬೇಕು.

ಬಡಿತ ಹಿಡಿತಕ್ಕೆ ತರುವ ಮಾತ್ರೆಗಳು ಒಂದು ವರ್ಷ ಕೆಲಸ ಮಾಡಿದವು, ಆಮೇಲೆ ಇಲ್ಲ. ಆಗ ಬಂದದ್ದು ಅಬ್ಲೇಷನ್ ಮಾತು.

1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ವೈದ್ಯ ಮಿಶೆಲ್ ಹೈಸಗೇರ್ ಮತ್ತು ಜೊತೆಯವರು 45 ರೋಗಿಗಳನ್ನು ಪರೀಕ್ಷಿಸಿ, ಎಎಫ್ ಹೊತ್ತಿಸುವ ಕಿಡಿ ಹೆಚ್ಚಾಗಿ ಹುಟ್ಟುವುದು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ರಕ್ತನಾಳಗಳ ಬಾಯಿಯಲ್ಲಿ ಎಂದು ತೋರಿಸಿದರು. ಹಾಗಾದರೆ ಆ ಬಾಯಿಗಳ ಸುತ್ತ ಕರೆಂಟ್ ದಾಟದ ಹಾಗೆ ಮಾಡಿದರಾಯಿತು. ಬೇಸಿಗೆ ಬರುವ ಮೊದಲು ಅರಣ್ಯ ಇಲಾಖೆಯವರು ಕಾಡಿನಲ್ಲಿ ಬೆಂಕಿ ರೇಖೆ ಮಾಡುತ್ತಾರಲ್ಲ, ಒಂದು ಪಟ್ಟಿಯನ್ನು ತಾವೇ ಸುಟ್ಟು ಬರಿದು ಮಾಡುವುದು, ಕಾಳ್ಗಿಚ್ಚು ಅದನ್ನು ದಾಟದಿರಲಿ ಎಂದು? ಅದೇ. ತೊಡೆಸಂದಿನ ರಕ್ತನಾಳದಿಂದ ತೆಳು ತಂತಿಗಳನ್ನು ಹೃದಯಕ್ಕೆ ಏರಿಸಿ, ನಡುಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಬದಿಗೆ ದಾಟಿ, ಚುಕ್ಕಿ ಚುಕ್ಕಿಯಾಗಿ ಸುಡುತ್ತಾರೆ. ಸುಟ್ಟ ಜಾಗ ಕಲೆಯಾಗಿ ಗಟ್ಟಿಯಾದ ಮೇಲೆ ಕರೆಂಟ್ ದಾಟುವುದಿಲ್ಲ. ಸುಡುವ ಬದಲು ಬಲೂನಿನಿಂದ ಹೆಪ್ಪುಗಟ್ಟಿಸುವ ವಿಧಾನವೂ ಇದೆ.

ನನಗೆ ಮೂರು ಲಕ್ಷ ದಾಟಿತು. ಅಡಿಕೆ ಮಾರಿದ್ದು, ಸೊಸೈಟಿಯ ಸಾಲ, ತಮ್ಮ ಕೊಟ್ಟದ್ದು. ಹತ್ತರಲ್ಲಿ ಏಳೆಂಟು ಜನರಿಗೆ ಒಂದೇ ಸಲಕ್ಕೆ ಸಾಕಾಗಬಹುದು, ಉಳಿದವರಿಗೆ ಇನ್ನೊಮ್ಮೆ ಬೇಕಾಗಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಹಿಂದಿನ ದಿನ ಗಂಟಲಿನಲ್ಲಿ ನಳಿಗೆ ಇಳಿಸಿ ಹೃದಯದೊಳಗೆ ಹೆಪ್ಪು ಇಲ್ಲವೆಂದು ನೋಡಿದರು. ಅಬ್ಲೇಷನ್ ನಡೆದದ್ದು ನನಗೆ ಗೊತ್ತಿಲ್ಲ, ಅರಿವಳಿಕೆ ಕೊಟ್ಟಿದ್ದರು. ಎದ್ದ ಮೇಲೆ ಆರು ಗಂಟೆ ಕಾಲು ಮಡಚದೆ ಅಂಗಾತ ಮಲಗಿದ್ದೇ ದೊಡ್ಡ ಶಿಕ್ಷೆ. ಮೂರನೇ ದಿನ ಮನೆಗೆ ಬಂದೆ.

ಒಳತೊಡೆ ಮೊದಲು ನೇರಳೆ ಬಣ್ಣ, ಆಮೇಲೆ ಹಸಿರು, ಆಮೇಲೆ ಹಳದಿ. ಆಳವಾಗಿ ಉಸಿರೆಳೆದರೆ ಎದೆಯಲ್ಲಿ ಚುಚ್ಚು. ಮೆಟ್ಟಿಲು ಹತ್ತಿದರೆ ಗದ್ದೆ ಉತ್ತಷ್ಟು ಸುಸ್ತು. ಡಿಸ್ಚಾರ್ಜ್ ಹಾಳೆಯಲ್ಲಿ ಜಿಮ್‌ಗೆ ಹೋಗಬೇಡಿ, ಕಾರು ಓಡಿಸಬೇಡಿ ಎಂದಿತ್ತು. ಹಟ್ಟಿಗೆ ಹೋಗಬೇಡಿ ಎಂದು ಎಲ್ಲಿಯೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಒಂದು ಸಾಲು, ವೈದ್ಯರ ಸಹಿ ಸಮೇತ. ಕುಕ್ಕರಗಾಲಿನಲ್ಲಿ ಕೂತರೆ ತೊಡೆಸಂದು ಮಡಚಿ ತೂತಿನ ಮೇಲೆ ಒತ್ತಡ ಬೀಳುತ್ತದೆ. ಹಾಲು ಕರೆಯುವುದು ಕುಕ್ಕರಗಾಲಿನಲ್ಲೇ. ಹುಲ್ಲಿನ ಕಟ್ಟು ಇಪ್ಪತ್ತು ಕಿಲೋ. ಹೊಲಿಗೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೊಲಿಗೆ ಇಲ್ಲದ ಹೆಂಗಸು ಹತ್ತನೇ ದಿನವೂ ಮಂಚದಲ್ಲಿ ಕೂತರೆ ನೋಡುವವರ ಕಣ್ಣು ಬೇರೆಯಾಗುತ್ತದೆ. ಬಾಯಿಬಿಟ್ಟು ಯಾರೂ ಏನೂ ಹೇಳಲಿಲ್ಲ. ಪಾತ್ರೆಯ ಸದ್ದು ಹೇಳುತ್ತಿತ್ತು.

ಕೊನೆಗೆ ಎರಡು ಹಸುಗಳಲ್ಲಿ ಒಂದನ್ನು ಮಾರಿದೆವು. ಮೂರನೇ ಗಬ್ಬದ ಹಸು, ಹೆಸರು ಗೌರಿ. ಇನ್ನೊಂದನ್ನು ಕರೆಯಲು ಯಜಮಾನರು ಕಲಿತರು. ಮೊದಲ ವಾರ ಒದೆ ತಿಂದರು, ಡೈರಿಗೆ ಹೋಗುವ ಹಾಲು ಅರ್ಧವಾಯಿತು. ಈಗಲೂ ಬೆಳಗಿನದು ಅವರದ್ದೇ. ಅಬ್ಲೇಷನ್‌ನಿಂದ ನಮ್ಮ ಮನೆಗೆ ಆದ ಲಾಭಗಳಲ್ಲಿ ಇದೂ ಒಂದು ಎಂದು ನಾನು ಲೆಕ್ಕ ಹಾಕುತ್ತೇನೆ.

ಮೂರನೇ ವಾರ ರಾತ್ರಿ ಎರಡು ಗಂಟೆಗೆ ಎದೆಯೊಳಗೆ ಅದೇ ಮೀನು. ಎರಡು ಗಂಟೆ ಕಾಲ. ಮೂರು ಲಕ್ಷ ಹೊಳೆಗೆ ಹೋಯಿತು ಎಂದು ಕತ್ತಲಲ್ಲಿ ಅತ್ತೆ. ಬೆಳಿಗ್ಗೆ ಫೋನ್ ಮಾಡಿದಾಗ ವೈದ್ಯರು ಅವಸರವಿಲ್ಲದೆ ಹೇಳಿದರು: ಸುಟ್ಟ ಗಾಯ ಊದಿಕೊಂಡಿರುತ್ತದೆ, ಕಲೆ ಗಟ್ಟಿಯಾಗಿರುವುದಿಲ್ಲ. ಮೊದಲ ಎರಡು ಮೂರು ತಿಂಗಳಲ್ಲಿ ಬಂದದ್ದನ್ನು ಸೋಲು ಎಂದು ನಾವು ಎಣಿಸುವುದಿಲ್ಲ, ಮಾತ್ರೆ ಮಾತ್ರ ಒಂದು ದಿನವೂ ಬಿಡಬೇಡಿ. ಅವರು ಇನ್ನೊಂದು ಮಾತನ್ನೂ ಹೇಳಿದರು. ಎರಡು ತಿಂಗಳೊಳಗೆ ಜ್ವರ ಬಂದರೆ, ನುಂಗುವಾಗ ನೋವಾದರೆ, ರಕ್ತ ವಾಂತಿಯಾದರೆ, ಮಾತು ತೊದಲಿದರೆ ಊರಿನಲ್ಲಿ ಜ್ವರದ ಮಾತ್ರೆ ತಿಂದು ಕಾಯಬೇಡಿ, ನೇರ ಅಬ್ಲೇಷನ್ ಮಾಡಿದಲ್ಲಿಗೆ ಬನ್ನಿ. ಹೃದಯದ ಹಿಂದೆಯೇ ಅನ್ನನಾಳ ಇದೆ, ಅಪರೂಪಕ್ಕೆ ಅದಕ್ಕೂ ಸುಟ್ಟ ಗಾಯ ತಾಗುತ್ತದೆ. ತೀರಾ ಅಪರೂಪ, ಆದರೆ ಪ್ರಾಣಕ್ಕೆ ಬರುವಂಥದು. ಅಬ್ಲೇಷನ್ ಆದವರು ನಿಮ್ಮ ಪರಿಚಯದಲ್ಲಿದ್ದರೆ ಇದೊಂದನ್ನು ಅವರ ಮನೆಯವರಿಗೂ ಓದಿ ಹೇಳಿ.

ಆಮೇಲೆ ಇನ್ನೆರಡು ಸಲ ಬಂತು. ನಾಲ್ಕನೇ ತಿಂಗಳಿನಿಂದ ಬಂದಿಲ್ಲ. ಈಗ ಹದಿನಾಲ್ಕು ತಿಂಗಳು. ಎಎಫ್ ನಿಂತರೂ ಹೆಪ್ಪು ತಡೆಯುವ ಮಾತ್ರೆ ನಿಂತಿಲ್ಲ. ಅದನ್ನು ನಿರ್ಧರಿಸುವುದು ಎದೆ ಹೊರಳುತ್ತದೋ ಇಲ್ಲವೋ ಎಂಬುದಲ್ಲ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಪಾರ್ಶ್ವವಾಯು ಆಗಿತ್ತೇ ಎಂಬುದನ್ನೆಲ್ಲ ನೋಡುತ್ತಾರೆ. ನನಗೆ ಬಿಪಿ ಇದೆ.

ದಿನಾ ಬೆಳಿಗ್ಗೆ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ಮೂರು ಬೆರಳು ಇಟ್ಟು ಗಡಿಯಾರ ನೋಡುತ್ತಾ ಒಂದು ನಿಮಿಷ ಎಣಿಸುತ್ತೇನೆ. ಎಷ್ಟು ಎನ್ನುವುದಕ್ಕಿಂತ ಸಮ ಇದೆಯೋ ಇಲ್ಲವೋ ಎನ್ನುವುದು ಮುಖ್ಯ. ನಡುವೆ ಒಂದು ಬಡಿತ ತಪ್ಪಿದರೆ ಪರವಾಗಿಲ್ಲ, ಹಲವರಿಗೆ ಹಾಗಾಗುತ್ತದೆ. ಇಡೀ ನಿಮಿಷ ತಾಳವೇ ಸಿಗದಿದ್ದರೆ ಇಸಿಜಿ ಮಾಡಿಸಬೇಕು. ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಎಎಫ್ ಇದ್ದರೂ ಎದೆಯಲ್ಲಿ ಏನೂ ಗೊತ್ತಾಗುವುದೇ ಇಲ್ಲ.

ನಿನ್ನೆ ನಾನು ಹೀಗೆ ಎಣಿಸುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತು, "ನನ್ನದೂ ಒಂಚೂರು ನೋಡು" ಎಂದು ತಮಾಷೆಗೆ ಕೈ ಚಾಚಿದರು. ಅವರಿಗೆ 74. ಒಂದು ನಿಮಿಷ ಎಣಿಸಿದೆ. ಇನ್ನೊಂದು ನಿಮಿಷ ಎಣಿಸಿದೆ.

"ಎಂತ ಹೇಳ್ತದೆ?" ಎಂದರು.

"ಗ್ಯಾಸು ಹೇಳ್ತದೆ" ಎಂದೆ. ನಕ್ಕರು. ನಾನೂ ನಕ್ಕೆ, ಬೆರಳು ತೆಗೆಯಲಿಲ್ಲ. ನಾಳೆ ಬೆಳಿಗ್ಗೆ ಎಂಟೂವರೆಗೆ ಆಟೋ ಹೇಳಿದ್ದೇನೆ.