ಕೃಷ್ಣೆಯ ಹರಿಗೋಲಿನಲ್ಲಿ

ನಾರ್ವದಲ್ಲಿ ಬಂಧುಗಳ ಮನೆಯ ಶುಭಕಾರ್ಯ ಮುಗಿದ ಮರುದಿನ, ಕುರುವಪುರದ ದರ್ಶನ ಮಾಡಿಕೊಂಡೇ ಊರಿಗೆ ಮರಳಬೇಕೆಂದು ಮನೆಯವರೆಲ್ಲರೂ ನಿಶ್ಚಯಿಸಿದೆವು. ಮಖ್ತಲ್ ದಾಟಿ ಪಂಚದೇವಪಹಾಡದ ದಡಕ್ಕೆ ಬಂದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ನಾವು ನಿಂತ ದಡ ತೆಲಂಗಾಣದ ನಾರಾಯಣಪೇಟೆ ಜಿಲ್ಲೆ. ಎದುರಿನ ನಡುಗಡ್ಡೆ ಕರ್ನಾಟಕದ ರಾಯಚೂರು ತಾಲೂಕು. 1956ಕ್ಕೆ ಮುನ್ನ ಎರಡೂ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಇಂದು ಗಡಿಯು ನೀರಿನಲ್ಲಿದ್ದರೂ ನೆಂಟಸ್ತಿಕೆ ಎರಡೂ ದಡಗಳಲ್ಲಿದೆ. ತೆಲುಗಿನವರು ‘ಪುಟ್ಟಿ’ ಎನ್ನುವುದನ್ನೇ ನಮ್ಮವರು ಹರಿಗೋಲು ಎನ್ನುತ್ತಾರೆ.

ಈ ಹರಿಗೋಲು ನಿನ್ನೆ ಮೊನ್ನೆಯದಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ, ಸುತ್ತುತ್ತಲೇ ಸಾಗುವ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ತಳ ಚಪ್ಪಟೆಯಾದುದರಿಂದ ಬಂಡೆಗಳ ನಡುವಿನ ತೆಳುನೀರಿನಲ್ಲಿಯೂ ಇದು ಸಾಗಬಲ್ಲದು. ಆದರೆ ಒಂದೇ ಅಂಚಿಗೆ ಭಾರ ಬಿದ್ದರೆ ಇದರಷ್ಟು ಬೇಗ ನೀರು ಕುಡಿಯುವ ದೋಣಿ ಇನ್ನೊಂದಿಲ್ಲ.

ಅಂಬಿಗನು ನಮ್ಮನ್ನು ಕೂಡಿಸಿದ. ತಳದಲ್ಲಿ ಕಿತ್ತಲೆ ಬಣ್ಣದ ನಾಲ್ಕಾರು ಜಾಕೀಟುಗಳು ಬಿದ್ದಿದ್ದವು. ನನ್ನ ತಾಯಿಯವರು ಅವುಗಳಲ್ಲೊಂದನ್ನು ಮಡಚಿ ಆಸನ ಮಾಡಿಕೊಂಡಿದ್ದರು. “ಇವನ್ನು ಹಾಕಿಕೊಳ್ಳುವುದು ಬೇಡವೇನಪ್ಪಾ?” ಎಂದು ಕೇಳಿದೆ. “ಏನೂ ಆಗಂಗಿಲ್ಲ ಕೂಡ್ರಿ ಯಜಮಾನ್ರೇ, ದಿನಾ ದಾಟ್ತೀವಿ” ಎಂದು ನಕ್ಕ. “ಸ್ವಾಮಿ ಕಾಯ್ತಾನೆ ಬಿಡೋ” ಎಂದರು ತಾಯಿ. ನಾನೂ ಸುಮ್ಮನಾದೆ.

ನದಿಯ ನಡುವೆ ಏಳು ವರ್ಷದ ನನ್ನ ಮಗಳು ನೀರುಕೋಳಿಯನ್ನು ಕಂಡು ಥಟ್ಟನೆ ಎದ್ದು ಅಂಚಿಗೆ ಬಾಗಿದಳು. ಅವಳನ್ನು ಹಿಡಿಯಲು ಮೂವರು ಒಟ್ಟಿಗೆ ಅದೇ ಕಡೆಗೆ ವಾಲಿದೆವು. ಅಂಚು ನೀರಿಗೆ ತಾಗಿ ಒಂದು ಕೊಡದಷ್ಟು ನೀರು ಒಳನುಗ್ಗಿತು. ಅಂಬಿಗನು ಹುಟ್ಟನ್ನು ಒತ್ತಿ ಸಾವರಿಸಿಕೊಂಡ. ಮುಂದೆ ದಡ ಮುಟ್ಟುವವರೆಗೆ ಯಾರೊಬ್ಬರೂ ಮಾತನಾಡಲಿಲ್ಲ.

ಶ್ರೀಪಾದ ಶ್ರೀವಲ್ಲಭರ ಸನ್ನಿಧಿಯಲ್ಲಿ ಕೈಮುಗಿದು ನಿಂತಾಗಲೂ ನನ್ನ ಮನಸ್ಸು ನೀರಿನಲ್ಲಿಯೇ ಇತ್ತು. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲೂಕಿನ ನಡುಗಡ್ಡೆಯ ಜನ ದಿನಸಿಗಾಗಿ ಈ ದಡದತ್ತ ಬರುತ್ತಿದ್ದಾಗ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದ ಸುದ್ದಿ ನೆನಪಾಯಿತು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಮಂದಿ ತೀರಿಕೊಂಡರು. ಅವರೂ ದೇವರ ದರ್ಶನ ಮುಗಿಸಿಕೊಂಡೇ ಹೊರಟವರಲ್ಲವೆ?

ಜೀವರಕ್ಷಕ ಜಾಕೀಟಿನ ಕೆಲಸ ಬಹಳ ಸರಳ. ಅದರೊಳಗಿನ ಹಗುರ ವಸ್ತುವು ಈಜು ಬಾರದವನನ್ನೂ ತೇಲಿಸಿ, ಬಾಯಿ ಮೂಗುಗಳನ್ನು ನೀರಿನ ಮೇಲಿರಿಸುತ್ತದೆ. ಆದರೆ ಅದು ಮೈಮೇಲಿರಬೇಕು, ಪಟ್ಟಿಗಳು ಬಿಗಿದಿರಬೇಕು. ಮಗುವಿಗೆ ದೊಡ್ಡವರ ಅಳತೆಯದನ್ನು ತೊಡಿಸಿದರೆ ಜಾಕೀಟು ಮೇಲೇರಿ ಮಗು ಕೆಳಗೆ ಜಾರುತ್ತದೆ. ದೋಣಿ ಮಗುಚಿದ ಮೇಲೆ, ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡಿರುವಾಗ ಅದನ್ನು ತೊಡುವುದು ಆಗದ ಮಾತು. ಇದರೊಂದಿಗೆ ಎಸೆಯಲು ಹಗ್ಗ ಕಟ್ಟಿದ ತೇಲುಬಳೆ, ನೀರು ಮೊಗೆಯಲೊಂದು ಡಬ್ಬಿ, ಇನ್ನೊಂದು ಹುಟ್ಟು, ಒಂದು ಸೀಟಿ ಇದ್ದರೆ ಸಾಕು; ಯಾವುದೂ ದುಬಾರಿಯಲ್ಲ.

2021ರ ಒಳನಾಡು ನೌಕಾ ಕಾಯಿದೆಯು ಯಂತ್ರದೋಣಿಗಳಿಗೆ ತಪಾಸಣೆ, ನೋಂದಣಿ, ಜೀವರಕ್ಷಕ ಸಾಧನಗಳನ್ನು ವಿಧಿಸಿದೆ. ಆದರೆ ಕಾಯಿದೆಯ ಕಣ್ಣು ಪ್ರತಿಯೊಂದು ಹರಿಗೋಲಿನ ಮೇಲೂ ಇರಲಾರದು. ಮೇಲೆ ಬಸವಸಾಗರದ ಬಾಗಿಲು ತೆರೆದರೂ, ಭೀಮೆಗೆ ಪ್ರವಾಹ ಬಂದರೂ ಇಲ್ಲಿ ನೀರು ಏರುತ್ತದೆ. ಅಂತಹ ದಿನ ದಡದಿಂದಲೇ ಕೈಮುಗಿದು ಹಿಂದಿರುಗುವುದು ಭಕ್ತಿಗೆ ಕೊರತೆಯಲ್ಲ.

ಮರಳುವಾಗ ಅಂಬಿಗನನ್ನು ಗದರಿಸಲಿಲ್ಲ; ಕೇಳದೆ ಹತ್ತಿದವನು ನಾನು. “ಎಲ್ಲರಿಗೂ ಜಾಕೀಟು ಸಾಲುವಂತೆ ಎರಡು ಸಲ ದಾಟಿಸಪ್ಪಾ, ಎರಡು ಸಲದ ಬಾಡಿಗೆ ಕೊಡುತ್ತೇವೆ” ಎಂದೆ. ಅವನು ಒಪ್ಪಿದ. ಮಗುವಿನ ಅಳತೆಯ ಜಾಕೀಟು ಅವನಲ್ಲಿರಲಿಲ್ಲ. ಇದ್ದುದರಲ್ಲಿ ಚಿಕ್ಕದನ್ನು ಹುಡುಕಿ, ತಾಯಿಯವರೇ ತಮ್ಮ ಶಾಲಿನಿಂದ ಮೊಮ್ಮಗಳ ಮೈಗೆ ಬಿಗಿದು ಕಟ್ಟಿದರು. ಬಳಿಕ ತಾವೂ ಒಂದನ್ನು ತೊಟ್ಟು, “ಪಟ್ಟಿ ಸರಿಯಾಗಿದೆಯೇನೋ ನೋಡು” ಎಂದು ನನ್ನತ್ತ ತಿರುಗಿ ನಿಂತರು.