ಟ್ವೆಂಟಿ ಥರ್ಟಿ ಸೈಟು, ಒಂದು ಸಾಗುವಳಿ ಚೀಟಿ

ನಾವು ಅಂದರೆ ಗಂಡ, ಹೆಂಡತಿ, ಓದುವ ಎರಡು ಮಕ್ಕಳು. ಊರು ದೇವನಹಳ್ಳಿ ತಾಲ್ಲೂಕು. ಅಲ್ಲಿ ಕೇರಿಯಲ್ಲಿ ಅವ್ವ ಇದ್ದಾಳೆ. ಹನ್ನೊಂದು ವರ್ಷದಿಂದ ನಮ್ಮ ಬದುಕು ಬೆಂಗಳೂರಿನ ದಾಸರಹಳ್ಳಿ ಸುತ್ತಮುತ್ತಲಿನ ಬಾಡಿಗೆ ಮನೆಗಳಲ್ಲಿ. ಒಬ್ಬರದು ಪೀಣ್ಯದಲ್ಲಿ ಲೇತ್ ಮಿಷನ್ನಿನ ಮುಂದೆ ನಿಲ್ಲುವ ಕೆಲಸ, ಒಬ್ಬರದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂರುವ ಕೆಲಸ. ಎರಡೂ ಸಂಬಳ ಸೇರಿದರೆ ತಿಂಗಳಿಗೆ 41 ಸಾವಿರ.

ಈ ಹನ್ನೊಂದು ವರ್ಷದಲ್ಲಿ ಐದು ಮನೆ ಬದಲಾಯಿಸಿದೆವು. 'ಮನೆ ಬಾಡಿಗೆಗಿದೆ' ಅಂತ ಬೋರ್ಡು ನೇತುಹಾಕಿದ ಗೇಟಿನ ಮುಂದೆ ನಿಂತು ನಾವು ಬಾಡಿಗೆ ಎಷ್ಟು ಅಂತ ಕೇಳುವ ಮೊದಲೇ, "ನೀವು ಯಾವ ಜನ?" ಅಂತ ಅವರು ಕೇಳಿರುತ್ತಾರೆ. ಹಳ್ಳಿಯಲ್ಲಿ ಈ ಪ್ರಶ್ನೆ ನೇರವಾಗಿ ಬರುತ್ತೆ. ನಗರದಲ್ಲಿ "ಮನೇಲಿ ನಾನ್‌ವೆಜ್ ಮಾಡ್ತೀರಾ?", "ನಿಮ್ಮ ಮನೆದೇವ್ರು ಯಾವುದು?" ಅಂತ ಸುತ್ತು ಹಾಕಿಕೊಂಡು ಬರುತ್ತೆ. ಒಂದು ಕಡೆ ಏನೂ ಕೇಳದೆ ಮನೆ ಕೊಟ್ಟರು. ಮೂರನೇ ತಿಂಗಳು ನೀರಿನ ಲೆಕ್ಕಕ್ಕೆ ಅಂತ ಒಳಗೆ ಬಂದ ಓನರಮ್ಮ ಗೋಡೆ ಮೇಲಿನ ಬಾಬಾಸಾಹೇಬರ ಫೋಟೋ ನೋಡಿದರು. ಮುಂದಿನ ವಾರವೇ "ನಮ್ಮ ಮಗಳು ಅಳಿಯ ಬರ್ತಾವ್ರೆ, ಮನೆ ಬೇಕು" ಅಂದರು. ನಾವು ಖಾಲಿ ಮಾಡಿದ ಮನೆಗೆ ಮಗಳು ಬರಲಿಲ್ಲ, ಬೇರೆ ಬಾಡಿಗೆಯವರು ಬಂದರು.

ಇದು ಹೊಸದೇನಲ್ಲ. 1917ರಲ್ಲಿ ಪರದೇಶದಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಅವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಹೆಸರು ಮರೆಸಿಕೊಂಡು ಪಾರ್ಸಿ ಛತ್ರದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ಅದೇ ಅಂಬೇಡ್ಕರ್ 1930ರ ದಶಕದಲ್ಲಿ ಮುಂಬಯಿಯ ದಾದರ್‌ನಲ್ಲಿ 'ರಾಜಗೃಹ' ಅನ್ನುವ ಸ್ವಂತ ಮನೆ ಕಟ್ಟಿಸಿ ತಮ್ಮ ಪುಸ್ತಕಗಳಿಗೆ ಜಾಗ ಮಾಡಿಕೊಂಡರು. ಸ್ವಂತ ಮನೆ ಉಳ್ಳವರಿಗೆ ಆಸ್ತಿ. ನಮಗೆ ಅದು ಯಾರೂ ಎದ್ದು ಹೋಗು ಅನ್ನಲಾಗದ ನಾಲ್ಕು ಗೋಡೆ.

ಹಾಗಾಗಿ ಹುಡುಕೋಕೆ ಹೊರಟೆವು. ಕೈಯಲ್ಲಿದ್ದದ್ದು ಚೀಟಿ ದುಡ್ಡು, ಪಿಎಫ್, ಒಂದು ಜೊತೆ ಓಲೆ, ಎಲ್ಲಾ ಸೇರಿ 5 ಲಕ್ಷ. ಮಿಕ್ಕಿದ್ದು ಸಾಲ. 10 ಲಕ್ಷ ಸಾಲವನ್ನು ನೂರಕ್ಕೆ 9ರ ಬಡ್ಡಿಯಲ್ಲಿ 20 ವರ್ಷ ತೀರಿಸಿದರೆ ತಿಂಗಳ ಕಂತು ಸುಮಾರು 9 ಸಾವಿರ. ಕೊನೆಗೆ ಕಟ್ಟಿರುವುದು 21 ಲಕ್ಷದ 60 ಸಾವಿರ. ಅಂದರೆ ಒಂದು ಮನೆ ನಮಗೆ, ಒಂದಕ್ಕಿಂತ ಹೆಚ್ಚು ಮನೆ ಬ್ಯಾಂಕಿಗೆ. ಬೆಂಗಳೂರಿನ ಒಳಗೆ ಈ ದುಡ್ಡಿಗೆ ಕಾರು ನಿಲ್ಲಿಸುವಷ್ಟು ನೆಲ ಸಿಕ್ಕರೆ ಹೆಚ್ಚು. ಉಳಿದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದಾಗ ಇವನ್ನು ಗ್ರಾಮಾಂತರ ಅಂತ ಕರೆದರು. 2025ರ ಜುಲೈನಲ್ಲಿ ಸಚಿವ ಸಂಪುಟ ನಂದಿಬೆಟ್ಟದ ಮೇಲೆ ಕೂತು ಇದಕ್ಕೆ ಬೆಂಗಳೂರು ಉತ್ತರ ಅಂತ ಹೆಸರಿಡಲು ಒಪ್ಪಿತು. ಗ್ರಾಮ ಅನ್ನುವ ಮಾತು ಹೋದರೆ ನೆಲಕ್ಕೆ ಬೆಲೆ ಬರುತ್ತೆ ಅನ್ನುವುದು ದಲ್ಲಾಳಿಗಳಿಗೆ ಅವತ್ತೇ ಗೊತ್ತಾಯಿತು.

ಒಂದು ವರ್ಷದ ಭಾನುವಾರಗಳೆಲ್ಲ ಬಸ್ಸಿನಲ್ಲೇ ಕಳೆದವು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಚಕ್ಕೋತ, ದ್ರಾಕ್ಷಿ, ರೇಷ್ಮೆ ಬೆಳೆಯುತ್ತಿದ್ದ ನಮ್ಮ ತಾಲ್ಲೂಕಿನಲ್ಲಿ ಕಲ್ಲು ಕಂಬ, ಬಣ್ಣದ ಬಾವುಟಗಳೇ ಬೆಳೆ. "ಏರ್‌ಪೋರ್ಟಿಗೆ ಇಪ್ಪತ್ತೇ ನಿಮಿಷ ಸಾರ್" ಅನ್ನುತ್ತಾರೆ. ನಮಗೆ ಏರ್‌ಪೋರ್ಟಿನಲ್ಲಿ ಏನು ಕೆಲಸ? ಪೀಣ್ಯಕ್ಕೆ ಎಷ್ಟು ನಿಮಿಷ ಅಂದರೆ ಅವರಿಗೆ ಗೊತ್ತಿಲ್ಲ. ನಮಗೆ ತೋರಿಸಿದ್ದರಲ್ಲಿ ಬಹುಪಾಲು ರೆವಿನ್ಯೂ ಸೈಟು: ಭೂಪರಿವರ್ತನೆ ಆಗದ ಹೊಲ, ಯೋಜನಾ ಪ್ರಾಧಿಕಾರದ ಒಪ್ಪಿಗೆ ಇಲ್ಲ. "ಜಿಪಿಎ ಮಾಡಿಕೊಡ್ತೀವಿ, ಕ್ರಯಕ್ಕೆ ಸಮ" ಅನ್ನುತ್ತಾರೆ. ಸಮ ಅಲ್ಲ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಈ ಪುಟ ಓದುವ ಮೇಷ್ಟ್ರುಗಳು ನಿಮ್ಮ ಊರಿನ ಕೂಲಿ ಜನಕ್ಕೆ ಇದೊಂದನ್ನು ದಯವಿಟ್ಟು ಹೇಳಿ.

ಕೊನೆಗೆ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಒಂದು ಟ್ವೆಂಟಿ ಥರ್ಟಿ ಸಿಕ್ಕಿತು. 600 ಚದರ ಅಡಿ, 5 ಲಕ್ಷ. ಸುತ್ತಲಿನ ರೇಟಿಗಿಂತ ಅರ್ಧ. ಬೇಲಿಯಾಚೆ ರಾಗಿ ತೆನೆ ತೂಗುತ್ತಿತ್ತು. ಮಕ್ಕಳು ಅಲ್ಲೇ ಓಡಾಡಿ ಅಡುಗೆಮನೆ ಎಲ್ಲಿ, ಬಾಗಿಲು ಎಲ್ಲಿ ಅಂತ ಕಡ್ಡಿಯಲ್ಲಿ ಗೆರೆ ಎಳೆದವು. 25 ಸಾವಿರ ಟೋಕನ್ ಕೊಟ್ಟುಬಿಟ್ಟೆವು. ಆಮೇಲೆ ಕಾಗದದ ಜೆರಾಕ್ಸು ತಂದು ಚಾಪೆ ಮೇಲೆ ಹರಡಿಕೊಂಡು ಕೂತೆವು. ಕ್ರಯಪತ್ರ, ಋಣಭಾರ ಪತ್ರ, ಪಹಣಿ, ಮ್ಯುಟೇಶನ್. ಎಲ್ಲಕ್ಕಿಂತ ಕೆಳಗೆ ಮಾಸಿದ ಒಂದು ಹಾಳೆ, ಸಾಗುವಳಿ ಚೀಟಿ. ಸರ್ಕಾರ ಎರಡು ಎಕರೆ ಮಂಜೂರು ಮಾಡಿದ್ದು ಪರಿಶಿಷ್ಟ ಜಾತಿಯ ಒಬ್ಬ ಕೂಲಿಯವನಿಗೆ. ಹೆಸರಿನ ಮುಂದೆ 'ಆ.ಕ.' ಅಂತ ಬರೆದಿತ್ತು.

ನಮಗೆ ಆ ಹಾಳೆ ಅಪರಿಚಿತವಲ್ಲ. ಅಂಥದ್ದೇ ಒಂದು ನಮ್ಮ ಅಪ್ಪನ ಟ್ರಂಕಿನಲ್ಲಿ ಇತ್ತು. ದೇವರಾಜ ಅರಸರ ಕಾಲದಲ್ಲಿ ಅಪ್ಪನಿಗೂ ಎರಡು ಎಕರೆ ದರಖಾಸ್ತು ಬಂದಿತ್ತು. 1984ರಲ್ಲಿ ಅಕ್ಕನ ಮದುವೆಗೆ ಸಾಲ ಕೊಟ್ಟವರು ಹೆಬ್ಬೆಟ್ಟು ಒತ್ತಿಸಿಕೊಂಡರು. ಅಪ್ಪನ ಕೈಗೆ ಬಂದದ್ದು 9 ಸಾವಿರ. ಈಗ ಅಲ್ಲಿ ಲೇಔಟು. ಎರಡು ಎಕರೆ ಅಂದರೆ 80 ಗುಂಟೆ, 87,120 ಚದರ ಅಡಿ. ರಸ್ತೆ ಬಿಡದೆ ಲೆಕ್ಕ ಹಾಕಿದರೆ 145 ಟ್ವೆಂಟಿ ಥರ್ಟಿ. ಎಕರೆ ಲೆಕ್ಕದಲ್ಲಿ ಕಳಕೊಂಡವರ ಮಕ್ಕಳು ಅಡಿ ಲೆಕ್ಕದಲ್ಲಿ ಕೊಳ್ಳೋಕೆ ನಿಂತಿದ್ದೇವೆ.

ಹೀಗಾಗಬಾರದು ಅಂತಲೇ ಕಾನೂನು ಇದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಅನ್ನುವ 1978ರ ಪಿಟಿಸಿಎಲ್ ಕಾಯ್ದೆ 1979ರ ಜನವರಿ 1ರಿಂದ ಜಾರಿಯಲ್ಲಿದೆ. ಹಾಗೆ ಮಾರಿದ್ದರೆ ಆ ಕ್ರಯ ಅಸಿಂಧು. ಉಪವಿಭಾಗಾಧಿಕಾರಿ ಜಮೀನು ಬಿಡಿಸಿ ಮೂಲದವರಿಗೆ ಕೊಡಿಸಬಹುದು. 2017ರಲ್ಲಿ ಸುಪ್ರೀಂ ಕೋರ್ಟು, ಬಹಳ ತಡಮಾಡಿ ಬಂದವರಿಗೆ ಇದು ಸಿಗದು ಅಂದಿತು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆದರು. ಸೈಟು ಅಗ್ಗ ಯಾಕೆ ಅನ್ನುವುದು ನಮಗೆ ಆಗ ತಿಳಿಯಿತು.

ದಲ್ಲಾಳಿಗೆ ಕೇಳಿದೆವು. "ಅಯ್ಯೋ ಅಣ್ಣ, ಅವ್ರೆಲ್ಲಾ ಸತ್ತೋದ್ರು. ಕೇಳೋರು ಯಾರವ್ರೆ? ಅಲ್ದೆ ನಿಮ್ಮಂಥೋರೇ ತಗೊಂಡ್ರೆ ಇನ್ನೂ ಸೇಫು" ಅಂದ. ನಮ್ಮ ಜಾತಿಯನ್ನು ಅವನು ಯಾವಾಗಲೋ ತಿಳಿದುಕೊಂಡಿದ್ದ. ನಮ್ಮವರಿಂದ ಕಿತ್ತುಕೊಂಡ ನೆಲವನ್ನು ನಮಗೇ ಮಾರಿ, ಕೇಳುವವರ ಎದುರಿಗೆ ನಮ್ಮನ್ನೇ ನಿಲ್ಲಿಸುವ ಉಪಾಯ.

ಆಸೆ ಬಿಡಲಿಲ್ಲ. ನಾವು ಬಿಟ್ಟರೆ ಬೇರೆ ಯಾರೋ ತಗೋತಾರೆ, ಹೋದ ಜಮೀನು ಹೋಯ್ತು, ನಮ್ಮ ಮಕ್ಕಳಿಗಾದರೂ ಸೂರಾಗಲಿ ಅಂತ ಎರಡು ರಾತ್ರಿ ಮಾತಾಡಿಕೊಂಡೆವು. ಊರಿಗೆ ಹೋಗಿ ಅವ್ವನಿಗೆ ಹೇಳಿದೆವು. ಅವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಆ ವಯ್ಯನ ಮಕ್ಳು ಮರಿ ಎಲ್ಲವ್ರೆ ಅಂತ ಕೇಳಿದ್ರಾ?" ಅಂದಳು. ಅಷ್ಟೇ ಅಂದದ್ದು.

ಮುಂದಿನ ಭಾನುವಾರ ಆ ಊರಿನ ಕೇರಿಗೆ ಹೋದೆವು. ಆ ಲೇಔಟಿನಿಂದ ನಡೆದರೆ ಹತ್ತು ನಿಮಿಷ. ಆ ಕೂಲಿಯವನ ಸೊಸೆ ಶೀಟಿನ ಮನೆಯಲ್ಲಿದ್ದರು. ಒಂದೇ ಕೋಣೆ, ಆರು ಜನ. "ಕೂತ್ಕಳಿ" ಅಂತ ಚಾಪೆ ಹಾಕಿ ಟೀ ಕಾಯಿಸಿದರು. ಯಾವ ಕಾಗದಕ್ಕೂ ಸಹಿ ಹಾಕಿಲ್ಲ ಅಂದರು. "ನಮ್ಮ ಜಮೀನಲ್ಲಿ ಸೈಟು ಕೊಳ್ಳಾಕೆ ಬಂದಿರಾ ಮಗ?" ಅಂತ ಕೇಳಿದರು. ಅವರ ದನಿಯಲ್ಲಿ ಸಿಟ್ಟಿದ್ದಿದ್ದರೆ ಉತ್ತರ ಕೊಡುತ್ತಿದ್ದೆವೋ ಏನೋ. ಇರಲಿಲ್ಲ. ಜೆರಾಕ್ಸಿನ ಕಟ್ಟನ್ನು ಅವರ ಮಗಳ ಕೈಗೆ ಕೊಟ್ಟೆವು. ಪಿಯುಸಿ ಓದುತ್ತಿರುವ ಹುಡುಗಿ, ಚೀಟಿಯಲ್ಲಿದ್ದ ತಾತನ ಹೆಸರನ್ನು ಜೋರಾಗಿ ಓದಿದಳು.

ಟೋಕನ್ ದುಡ್ಡು ವಾಪಸು ಬರಲಿಲ್ಲ. ನಮ್ಮ 25 ಸಾವಿರ ಎಂಟು ತಿಂಗಳ ಉಳಿತಾಯ. ಹೆಮ್ಮೆ ಪಡುವ ಸ್ಥಿತಿಯಲ್ಲಿ ನಾವು ಇರಲಿಲ್ಲ. ಆ ತಿಂಗಳು ಮನೆಯಲ್ಲಿ ಜಗಳವೂ ಆಯಿತು.

ಮತ್ತೆ ಆರು ತಿಂಗಳು ಹುಡುಕಿ ನೆಲಮಂಗಲ ತಾಲ್ಲೂಕಿನ ಒಂದು ಹಳ್ಳಿಯ ಗ್ರಾಮಠಾಣಾದೊಳಗೆ ಟ್ವೆಂಟಿ ಥರ್ಟಿ ಕೊಂಡೆವು. ಪಂಚಾಯಿತಿಯ ಇ-ಸ್ವತ್ತು ಖಾತೆ ಇದೆ, ಹಿಂದಿನ ಮೂರು ತಲೆಮಾರಿನ ಕಾಗದ ಇದೆ. ಬೆಲೆ 9 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ನೂರಕ್ಕೆ 1 ಇದ್ದದ್ದು 2 ಆಗಿತ್ತು, ಅದನ್ನೂ ಕಟ್ಟಿದೆವು. ಪೀಣ್ಯಕ್ಕೆ ಎರಡು ಬಸ್ಸು. ಉಳಿದ ದುಡ್ಡಿನಲ್ಲಿ ಒಂದು ಕೋಣೆ, ಅಡುಗೆಮನೆ, ಬಚ್ಚಲು ಏಳುತ್ತಿದೆ. ಗೋಡೆ ಲಿಂಟಲ್ ತನಕ ಬಂದಿದೆ. ಪಕ್ಕದ ಮನೆಯವರು ಮೊದಲ ದಿನವೇ "ಯಾವ ಪೈಕಿ?" ಅಂತ ಕೇಳಿದರು. ಹೇಳಿದೆವು. ಆಮೇಲೆ ಅವರ ಬೋರ್‌ವೆಲ್ಲಿನಿಂದ ಗೋಡೆ ಕ್ಯೂರಿಂಗಿಗೆ ನೀರು ಸಿಗಲಿಲ್ಲ, ಟ್ಯಾಂಕರ್ ತರಿಸಿದೆವು. ಆದರೆ ಖಾಲಿ ಮಾಡಿ ಅನ್ನೋಕೆ ಈ ಸಲ ಯಾರಿಗೂ ಬರೋದಿಲ್ಲ.

ನೆಲ ಹೋದದ್ದೆಲ್ಲ ಹೋಯ್ತು ಅನ್ನುವ ಮಾತು ನಿಜವಲ್ಲ. ನಮ್ಮದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು 1,777 ಎಕರೆ ಬಿಟ್ಟುಕೊಡಲ್ಲ ಅಂತ 2022ರಿಂದ ಧರಣಿ ಕೂತರು. ಮೂರು ವರ್ಷದ ಮೇಲೆ, 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ದೊಡ್ಡಬಳ್ಳಾಪುರದ ಆ ಹುಡುಗಿ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿದ್ದಾಳೆ. ಅವಳನ್ನು ನೋಡಿ ಅಪ್ಪನ ಟ್ರಂಕು ತೆಗೆದು ನಾವೂ ಹಾಕಿದ್ದೇವೆ. ಗೆಲ್ಲುತ್ತೇವೋ ಇಲ್ಲವೋ, 40 ವರ್ಷ ತಡವಾಗಿದೆ.

ಗೆಳೆಯರೇ, ನೀವೂ ಸೈಟು ನೋಡೋಕೆ ಹೋಗುತ್ತೀರಿ. ಕಾಗದದ ಕಟ್ಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಹಾಳೆಯನ್ನು ಮೊದಲು ಓದಿ. ಅಲ್ಲಿ ಯಾರ ಹೆಸರಿದೆ, ಅವರ ಮಕ್ಕಳು ಎಲ್ಲಿದ್ದಾರೆ ಅಂತ ಕೇಳಿ. ಮುಂದಿನ ತಿಂಗಳು ನಮ್ಮ ಮನೆಗೆ ಮೋಲ್ಡಿಂಗ್ ಹಾಕಬೇಕು. ಅದೇ ವಾರ ನಮ್ಮ ಅರ್ಜಿಯ ಮೊದಲ ವಿಚಾರಣೆ. ಎರಡಕ್ಕೂ ರಜೆ ಕೇಳಿದ್ದೇವೆ.